ಮೆಂತ್ಯದ ಮಡ್‌ಗಾರ್ಡು

ನಕ್ಕಿದ್ದು ನಾಗರಾಜನೇ ಇರಬೇಕು. ಖಂಡಿತ ಅನ್ನಲಾರೆ, ಏಕೆಂದರೆ ನನ್ನ ಹೆಂಡತಿ ಪದ್ಮಳ ಪ್ರಕಾರ ಆ ದಿನ ಅವನು ಮಾವನ ಊರು ಗೌನಿಪಲ್ಲಿಗೆ ಬಂದೇ ಇರಲಿಲ್ಲ, ಮಾಲೂರಿನ ತನ್ನ ಮನೆಯಲ್ಲಿ ಜ್ವರ ಬಂದು ಮಲಗಿದ್ದ. ಇದ್ದರೂ ಇರಬಹುದು. ಆದರೆ ನನ್ನ ಜೀಪಿನ ಚಕ್ರದಿಂದ ಚಿಮ್ಮಿದ ಕೆಸರು ಮಾವನವರ ಬಿಳಿ ಪಂಚೆಯ ಮೇಲೆ ಬಿದ್ದಾಗ ಹಿಂದಿನಿಂದ ಕೇಳಿಸಿದ ನಗು ಮಾತ್ರ ಅವನದೇ. ಹೊಟ್ಟೆಕಿಚ್ಚಿಗೆ ಹಾಜರಿ ಪುಸ್ತಕ ಬೇಕಾಗುವುದಿಲ್ಲ.

ನಾಗರಾಜ ನನ್ನ ಷಡ್ಡಕ, ಪದ್ಮಳ ತಂಗಿಯ ಗಂಡ. ಅಣ್ಣತಮ್ಮಂದಿರು ಕರುಬಿದರೆ ಅದಕ್ಕೊಂದು ಪುರಾಣದ ಗೌರವವಿದೆ, ನಡುವೆ ಒಂದು ರಾಜ್ಯವಾದರೂ ಇರುತ್ತದೆ. ಷಡ್ಡಕರ ನಡುವೆ ಇರುವುದು ಒಬ್ಬ ಮಾವ ಮಾತ್ರ. ನಮ್ಮಿಬ್ಬರಿಗೂ ಜೀಪಿದೆ. ನನ್ನದು ಮುಳಬಾಗಿಲಿನಲ್ಲಿ ಕೊಂಡ ಹಳೆಯದು. ಗುಡ್ಡ ಹತ್ತುವ ಹುಮ್ಮಸ್ಸಿನಲ್ಲಿ ಅದಕ್ಕೆ ದಪ್ಪ ಟೈರು ಹಾಕಿಸಿದ್ದೆ. ಅವು ಮಡ್‌ಗಾರ್ಡಿನಿಂದ ಅಂಗೈ ಅಗಲ ಆಚೆ ಬಂದು, ದಾರಿಯ ಕೆಸರನ್ನೆಲ್ಲ ಕೂತವರಿಗೆ ಹಂಚುತ್ತಿದ್ದವು. ಅವನ ಜೀಪಿನ ಚಕ್ರಗಳ ಮೇಲೆ ಹುಬ್ಬಿನಂತೆ ಚಾಚಿಕೊಂಡ ಕರೀ ಅಂಚುಗಳಿದ್ದವು. ಫೆಂಡರ್ ಫ್ಲೇರ್ ಅನ್ನುತ್ತಾರೆ. ಪಂಚೆಯ ಪ್ರಸಂಗದ ಮೇಲೆ ಮಾವ ತೋಟಕ್ಕೆ ಹೊರಟರೆ ಅವನ ಜೀಪಿನಲ್ಲೇ. ಮಾವಿನ ವ್ಯಾಪಾರಿಗಳೆದುರು ಇಳಿಯುವಾಗ ಅವನ ಭುಜ ಹಿಡಿದುಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಫ್ಲೇರಲ್ಲ, ಭುಜದ ಮೇಲೆ ಆ ಕೈ.

ಅಂಗಡಿಯದನ್ನು ತಂದರೆ ಅವನನ್ನು ನಕಲು ಮಾಡಿದಂತಾಗುತ್ತದೆ. ಹಾಗಾಗಿ ನಾನೇ ಮಾಡಲು ಕೂತೆ. ನಮ್ಮ ಅತ್ತೆ ಹಳೆಯ ಮೊರಗಳಿಗೆ ನೆನೆಸಿದ ಕಾಗದವನ್ನೂ ಮೆಂತ್ಯವನ್ನೂ ರುಬ್ಬಿ ಮೆತ್ತುತ್ತಾರೆ. ಒಣಗಿದರೆ ಹಲಗೆಯಂತೆ ಗಟ್ಟಿ. ಮೊರಕ್ಕೆ ಆಗುವುದು ಜೀಪಿಗೇಕೆ ಆಗಬಾರದು? ಬಿದಿರಿನ ದಬ್ಬೆಗಳನ್ನು ಚಕ್ರದ ಅಳತೆಗೆ ಬಗ್ಗಿಸಿ ಕಟ್ಟಿ, ಎರಡೂ ಕಡೆ ಬೆರಳು ದಪ್ಪ ಮೆತ್ತಿ, ತಾರಸಿಯ ಮೇಲೆ ನಾಲ್ಕು ದಿನ ಒಣಗಿಸಿದೆ. ಮಿಕ್ಸಿಯಲ್ಲಿ ಆಮೇಲೆ ಏನು ರುಬ್ಬಿದರೂ ಹಳೇ ಪೇಪರಿನ ವಾಸನೆ. ಹೊರಮೈಗೆ ಮೂರು ಸಲ ಕಪ್ಪು ಬಣ್ಣ ಹೊಡೆಯುವಷ್ಟರಲ್ಲಿ ಡಬ್ಬ ಖಾಲಿಯಾಯಿತು.

"ಒಳಗಡೆಗೆ?" ಎಂದಳು ಪದ್ಮ.

"ಒಳಗಡೆ ಯಾರು ನೋಡ್ತಾರೆ ಬಿಡು."

"ಕೆಸರು ಬಡಿಯೋದು ಒಳಗಡೆ ಅಲ್ವೇನ್ರೀ?"

"ನಾಗರಾಜ ನೋಡೋದು ಹೊರಗಡೆ ಕಣೇ!"

ಭಾನುವಾರ ಗೌನಿಪಲ್ಲಿಗೆ ಹೋದೆವು. ನಾಗರಾಜ ಜೀಪನ್ನು ಎರಡು ಸುತ್ತು ಬಂದ. ಬೆರಳ ಗೆಣ್ಣಿನಿಂದ ತಟ್ಟಿ ತೆಲುಗಿನಲ್ಲೇ ಹೊಗಳಿದ.

"ಚಾಲಾ ಬಾಗುಂದಣ್ಣಾ! ಯಾವ ಕಂಪನೀದು?"

"ಹೇಳಿ ಮಾಡಿಸ್ದೆ," ಎಂದೆ. ಸುಳ್ಳೇನಲ್ಲ. ನನಗೆ ನಾನೇ ಹೇಳಿಕೊಂಡಿದ್ದೆ.

ಮಾವನೂ ಬಂದು ನೋಡಿದರು. "ಊಟ ಆಗ್ಲಿ ಅಳಿಯಂದ್ರೇ, ಇವತ್ತು ನಿಮ್ ಜೀಪಲ್ಲೇ ಬರ್ತೀನಿ ತೋಟಕ್ಕೆ." ನಾಗರಾಜನ ಮುಖ ಸಣ್ಣಗಾಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದನೋ ಏನೋ, ನಾನು ಮಾತ್ರ ಸಣ್ಣಗಾಯಿತೆಂದೇ ಬರೆದುಕೊಂಡಿದ್ದೇನೆ. ಅಂದಿನ ಸಾರಿಗೆ ಇದ್ದ ರುಚಿ ಮತ್ತೆ ಯಾವ ಸಾರಿಗೂ ಬಂದಿಲ್ಲ.

ಕೈತೊಳೆದು ಹೊರಬಂದರೆ, ಮಾವನವರ ಸೀಮೆಹಸು ನನ್ನ ಜೀಪಿನ ಎಡ ಮುಂಚಕ್ರದ ಹತ್ತಿರ ಕತ್ತು ಓರೆಮಾಡಿ ನಿಂತಿತ್ತು. ಬಣ್ಣವಿಲ್ಲದ ಒಳಮೈಯಿಂದ ಶುರುಮಾಡಿ, ಉಪ್ಪಿಟ್ಟಿನ ತಟ್ಟೆ ಸವರುವಂತೆ ನೆಕ್ಕಿ ನೆಕ್ಕಿ ಕಿತ್ತು ತಿಂದಿತ್ತು. ಬಿದಿರಿನ ಪಕ್ಕೆಲುಬು ಮಾತ್ರ ಉಳಿದಿತ್ತು. ಹಿಂದಿನದಕ್ಕೂ ಬಾಯಿ ಬಿದ್ದಿತ್ತು.

"ಏನಳಿಯಂದ್ರೇ, ಜೀಪಿಗೆ ಮೆಂತ್ಯ ಮೆತ್ತಿದ್ರಾ?" ಎಂದರು ಮಾವ.

"ಅಯ್ಯೋ, ನನ್ನ ಮೊರಾನೂ ಬಿಡಲ್ಲ ಇದು. ಕೇಳಿದ್ದಿದ್ರೆ ಹೇಳ್ತಿದ್ನಲ್ಲಪ್ಪಾ!" ಎಂದರು ಅತ್ತೆ. ಅವರ ಕನಿಕರ ಯಾವ ನಗುವಿಗಿಂತಲೂ ಜೋರಾಗಿ ಕೇಳಿಸಿತು. ಮಾವ ಪಂಚೆ ಎತ್ತಿ ಕಟ್ಟಿ ನಾಗರಾಜನ ಜೀಪು ಹತ್ತಿದರು.

ನನ್ನ ನಿದ್ದೆಗೆಡಿಸುವ ವಿಷಯ ಬೇರೆಯದೇ. ಹಸುವನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ್ದರು. ಹಗ್ಗ ಹರಿದಿರಲಿಲ್ಲ, ಬಿಚ್ಚಿಕೊಂಡಿತ್ತು. ಊಟದ ನಡುವೆ ನಾಗರಾಜ ಫೋನ್ ಬಂತೆಂದು ಎದ್ದು ಹೊರಗೆ ಹೋಗಿದ್ದ. ಅವನೇ ಬಿಚ್ಚಿದ್ದರೆ, ಈ ಭೂಮಿಯ ಮೇಲೆ ಒಬ್ಬನಾದರೂ ನನ್ನನ್ನು ಕಂಡು ಕರುಬಿದ ಎಂದಾಯಿತು. ಅಷ್ಟು ಸಿಕ್ಕರೆ ನಾಲ್ಕೂ ಫ್ಲೇರುಗಳನ್ನು ನಾನೇ ಕೈಯಾರೆ ಹಸುವಿಗೆ ತಿನ್ನಿಸಿಯೇನು. ಗಂಟು ಸಡಿಲವಿತ್ತು ಅಷ್ಟೇ ಎಂದು ಯಾರಾದರೂ ಹೇಳಿಬಿಟ್ಟಾರೆಂದು ಇದುವರೆಗೂ ಯಾರನ್ನೂ ಕೇಳಿಲ್ಲ. ಅವನು ಬಿಚ್ಚಿದನೋ ಇಲ್ಲವೋ, ನನಗೆ ಗೊತ್ತಿಲ್ಲ.