ಹೆಸರು ಹಿಡಿದು ಕರೆಯುವವರು

ಒಮ್ಮೆ ಕರೆದರೆ ಏನಾದೀತು? ಕರೆಯದಿದ್ದರೆ ಏನಾದೀತು? ಆದರೆ ಅಪ್ಪನ ಹೆಸರನ್ನು ಅಪ್ಪನ ಮುಖಕ್ಕೇ ಹೇಳುವುದೆಂದರೆ... ನಾಲಗೆ ಏಳಬೇಕಲ್ಲ!

ಪುತ್ತೂರಿನ ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ನಿಂತು ಗೌರೀಶಂಕರ ಬೆವರುತ್ತಿದ್ದ. ಅಪ್ಪ ಮಹಾಗಣಪತಿ ಭಟ್ಟರ ಹರ್ನಿಯಾ ಆಪರೇಶನ್ ಬೆಳಗ್ಗೆಯೇ ಮುಗಿದಿತ್ತು. ಕ್ಲೋರೋಫಾರ್ಮಿನ ಮತ್ತು ಮಾತ್ರ ಮಧ್ಯಾಹ್ನವಾದರೂ ಇಳಿದಿರಲಿಲ್ಲ.

"ಪ್ರಾಯ ಆದವರು ಮತ್ತಿನಲ್ಲಿ ದಾರಿ ತಪ್ಪುತ್ತಾರೆ," ಎಂದಳು ಸಿಸ್ಟರ್. "ನಾನು ಕರೆದು ಸೋತೆ, ನನ್ನ ಸ್ವರ ಅವರಿಗೆ ಗುರುತಿಲ್ಲ. ಮನೆಯವರು ಹೆಸರು ಹಿಡಿದು ಕರೀರಿ. ಈಗ ಏಳದಿದ್ರೆ ಕಷ್ಟ ಉಂಟು."

ಎಲ್ಲರೂ ಅಮ್ಮನನ್ನು ನೋಡಿದರು.

"ನಾನು ಅವರ ಹೆಸರು ಹೇಳುದಾ? ಶಿವ ಶಿವಾ!" ಪರಮೇಶ್ವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚೌತಿಯ ದಿನವೂ 'ಸೊಂಡಿಲಿನ ದೇವರೇ' ಎಂದು ಕೈಮುಗಿಯುತ್ತಿದ್ದವರು ಅವರು.

ಅಡಿಕೆ ವ್ಯಾಪಾರಿ ಮೊಯ್ದಿನಬ್ಬ ಮುಂದೆ ಬಂದ. "ಭಟ್ರೇ! ಅಡಿಕೆಗೆ ರೇಟು ಏರಿತು ಭಟ್ರೇ!"

ಭಟ್ಟರು ಒಣಹಾಕಿದ ಪಂಚೆಯ ಹಾಗೆ ಬಿದ್ದುಕೊಂಡೇ ಇದ್ದರು.

"ರೇಟು ಇಳಿಯಿತು ಭಟ್ರೇ!"

ಒಂದು ರೆಪ್ಪೆ ಸಣ್ಣಗೆ ನಡುಗಿತು. ಅಷ್ಟೇ.

"ಭಟ್ರೇ ಅಂದ್ರೆ ಈ ಊರಲ್ಲಿ ನೂರು ಜನ ಇದ್ದಾರೆ," ಸಿಸ್ಟರ್ ರೇಗಿದಳು. "ಸಣ್ಣದಿರುವಾಗ ಎಂತ ಕರೀತಿದ್ರು?"

"ಸವಣೂರಲ್ಲಿರುವ ಇವರ ಅಣ್ಣ 'ಗಣಪಾ' ಅಂತ ಕರೀತಿದ್ರು," ಎಂದ ಮೊಯ್ದಿನಬ್ಬ. "ಬೇಲಿ ಜಗಳ ಆದ ಮೇಲೆ ಅವರಿಬ್ಬರಿಗೆ ಮಾತಿಲ್ಲ." ಅವನು ಗೌರೀಶಂಕರನ ಕಡೆ ತಿರುಗಿದ. "ನೀವೇ ಕರೀರಿ ಮಾರಾಯ್ರೆ. ಬಿ.ಎ. ಓದಿದ್ದು ಮತ್ತೆ ಎಂತಕ್ಕೆ?"

ಈ ಅಪ್ಪ ಮಗನ ನಡುವೆ ದಿನಕ್ಕೆ ಎರಡೇ ಮಾತು: 'ಊಟ ಆಯ್ತಾ?', 'ಹೂಂ'. ಹೆಚ್ಚಿನದೇನಾದರೂ ಇದ್ದರೆ ಅಮ್ಮನ ಮೂಲಕ ಹೋಗಿ ಬರುತ್ತಿತ್ತು.

ಗದ್ದಲ ತಾಳಲಾರದೆ ಸಿಸ್ಟರ್ ಉಳಿದವರನ್ನೆಲ್ಲ ಕಾಗೆ ಓಡಿಸಿದಂತೆ ಗೇಟಿನ ಆಚೆಗೆ ಓಡಿಸಿ, ಡಾಕ್ಟರನ್ನು ಕರೆತರಲು ಹೋದಳು. ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಅಪ್ಪನ ಉಸಿರು ಎಳೆಎಳೆಯಾಗಿ ಕೇಳುತ್ತಿತ್ತು. ಒಂದು ಎಳೆಗೂ ಇನ್ನೊಂದಕ್ಕೂ ನಡುವಿನ ಮೌನ ಬೆಳೆಯುತ್ತಾ ಹೋಯಿತು.

ಗೌರೀಶಂಕರ ಬಗ್ಗಿದ. ಹುಟ್ಟಿದ ಮೇಲೆ ಎಂದೂ ಏರದಿದ್ದ ಅವನ ಸ್ವರ ಒಮ್ಮೆಲೇ ಒಡೆಯಿತು:

"ಗಣಪಾ! ಏ ಗಣಪಾ, ಏಳೋ!"

ಭಟ್ಟರ ಕಣ್ಣು ಹೊಸ ನಯಾಪೈಸೆಯ ಹಾಗೆ ಅಗಲವಾಯಿತು. ಅವರು ಮಗನನ್ನು ದಾಟಿ ಬಾಗಿಲು ನೋಡಿದರು. ಕೆನ್ನೆಯ ಮೇಲೆ ನೀರಿಳಿಯಿತು.

"ಅಣ್ಣಾ... ಬಂದ್ಯಾ?"

ಸುದ್ದಿ ಬಸ್ಸಿನಲ್ಲಿ ಸವಣೂರಿಗೆ ಹೋಯಿತು. ಸಂಜೆಯ ಬಸ್ಸಿನಲ್ಲಿ ದೊಡ್ಡಪ್ಪ ನೇಂದ್ರ ಬಾಳೆಗೊನೆಯೊಂದಿಗೆ ಬಂದಿಳಿದರು. ಭಟ್ಟರು ಅವರ ಕೈ ಬಿಡಲಿಲ್ಲ.

"ನೀನು ಬಂದು ಕರೀದಿದ್ರೆ ನಾನು ಹೋಗಿಯೇ ಬಿಡ್ತಿದ್ದೆ ಅಣ್ಣ."

ದೊಡ್ಡಪ್ಪ ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮತ್ತೆ ಯಾರು ಕರೀಬೇಕು ಮಾರಾಯ?" ಎಂದರು.

ಅಮ್ಮ ಕಣ್ಣೊರೆಸಿಕೊಂಡರು. ಭಟ್ಟರು ಮಗನ ಕಡೆ ಕತ್ತು ತಿರುಗಿಸಿದರು. "ಇವನನ್ನು ನೋಡು. ಅಪ್ಪ ಸಾಯ್ತಾ ಬಿದ್ದಿದ್ರೂ ಕಂಬದ ಹಾಗೆ ನಿಂತಿದ್ದ. ಒಂದು ಶಬ್ದ ಹೊರಡಲಿಲ್ಲ ಇವನ ಬಾಯಿಂದ!"

"ಬಿ.ಎ. ಅಲ್ವಾ," ಎಂದು ಮೊಯ್ದಿನಬ್ಬ ನಿಟ್ಟುಸಿರುಬಿಟ್ಟ.

ಕರೆದದ್ದು ತಾನು ಎಂದು ಗೌರೀಶಂಕರ ಆಗಲೂ ಹೇಳಲಿಲ್ಲ, ಅಪ್ಪ ಬದುಕಿದ್ದಷ್ಟು ಕಾಲವೂ ಹೇಳಲಿಲ್ಲ.