ಸಾಲ ಮಾರಿದವರಿಗೆ ಧಿಕ್ಕಾರ!

"ನಾನಿರೋ ತನಕ ಈ ಮನೆಯ ಒಂದು ಕಂತೂ ಕಳ್ಳರ ಕೈ ಸೇರಲ್ಲ!" ಎಂದು ಧಿಕ್ಕಾರಪ್ಪ ಮೇಜು ಗುದ್ದಿ ಘೋಷಿಸಿದ. ನೀರಿನ ಲೋಟ ಬೆಂಬಲ ಸೂಚಿಸಿ ಮಗುಚಿಕೊಂಡಿತು.

ಧಿಕ್ಕಾರಪ್ಪ ಅನ್ನೋದು ಅವನ ನಿಜವಾದ ಹೆಸರಲ್ಲ. ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ, ಕಂಬಕ್ಕಿಂತ ಹೆಚ್ಚು ಹೊತ್ತು ಕಚೇರಿಗಳ ಮೆಟ್ಟಿಲ ಮೇಲೆ ಧರಣಿ ಕೂತು, ಬೀದಿಯವರಿಂದ ಗಳಿಸಿದ ಬಿರುದು. ನಿವೃತ್ತನಾದ ಮೇಲೆ ಶತ್ರುಗಳೇ ಸಿಗದೆ ಸೊರಗಿಹೋಗಿದ್ದ. ಅಷ್ಟರಲ್ಲಿ ಬಂತು ಈ ಪತ್ರ: ನಿಮ್ಮ ಮನೆಸಾಲ ನಮ್ಮ ಕಂಪನಿಗೆ ವರ್ಗವಾಗಿದೆ, ಇನ್ನು ಕಂತು ನಮಗೇ ಕಟ್ಟಿ!

"ನಮ್ಮನ್ನ ಕೇಳದೆ ನಮ್ಮ ಸಾಲ ಮಾರೋಕೆ ಅವರ್ಯಾರೇ?"

ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಎಮ್ಮೆ ಮಾರುವಾಗ ಎಮ್ಮೆನ ಕೇಳ್ತಾರೇನ್ರೀ?"

"ಇದು ಮೋಸ ಕಣೇ! ನಿಜವಾಗಿದ್ರೆ ಹಳೇ ಕಂಪನಿಯವರೂ ಪತ್ರ ಬರೀಬೇಕಿತ್ತು. ಎಲ್ಲಿ?"

"ಬಂದಿದೆ ಕಣ್ರೀ, ಇಲ್ಲೇ ಮೆಷಿನ್ ಮೇಲೆ..."

"ಹೋರಾಟ ಅಂದ್ರೆ ನಿನಗೇನು ಗೊತ್ತು!"

ಒಂದು ಬದಿ ಖಾಲಿಯಿರುವ ಕಾಗದ ಕಂಡರೆ ಧಿಕ್ಕಾರಪ್ಪನ ಕೈ ಸುಮ್ಮನಿರದು. ಚಳವಳಿಯ ಬಡತನ ಕಲಿಸಿದ ಚಾಳಿ. ಕೈಗೆ ಸಿಕ್ಕ ಹಾಳೆಯ ಬೆನ್ನಿಗೆ ದಪ್ಪ ಪೆನ್ನಿನಲ್ಲಿ 'ಸಾಲ ಮಾರಿದವರಿಗೆ ಧಿಕ್ಕಾರ' ಎಂದು ಬರೆದ. ಹೆಂಡತಿಯ ಡಬ್ಬಿಯಿಂದ ಎರಡು ಪಿನ್ನು ತೆಗೆದು ಎದೆಗೆ ಚುಚ್ಚಿಕೊಂಡು ಹೊರಟೇಬಿಟ್ಟ.

ಹೊಸ ಕಂಪನಿಯ ಕಚೇರಿ ನಡುವೆ ಏಕವ್ಯಕ್ತಿ ಮಹಾಸಂಗ್ರಾಮ! "ಹಳೇ ಕಂಪನಿ ಪತ್ರ ತೋರಿಸಿ! ತೋರಿಸೋ ತನಕ ಕದಲಲ್ಲ!"

ಕೌಂಟರಿನ ಹುಡುಗಿ ಪಾಪ, ಹದಿನೈದು ನಿಮಿಷ ಸಹಿಸಿದಳು. ಅಷ್ಟರಲ್ಲಿ ಸೆಕೆಗೆ ಯಾರೋ ಫ್ಯಾನ್ ಜೋರು ಮಾಡಿದರು. ಧಿಕ್ಕಾರ ಹಾರಿ ಧಿಕ್ಕಾರಪ್ಪನ ಮೂಗಿಗೆ ಬಡಿಯಿತು. ಹುಡುಗಿ ಬಗ್ಗಿ ನೋಡಿದಳು.

"ಸಾರ್, ಆ ಪತ್ರ ನಿಮ್ಮ ಎದೆ ಮೇಲೇ ಇದೆಯಲ್ಲ!"

ಹಳೇ ಕಂಪನಿಯ ಮೊಹರು, ಸಾಲದ ನಂಬರು, ತಾರೀಕು, ಎಲ್ಲವೂ ಇತ್ತು. ಕಚೇರಿಗೆ ಕಚೇರಿಯೇ ಎದ್ದು ನಿಂತು ಓದಿತು.

ಅಷ್ಟು ಹೊತ್ತಿಗೆ ಹೆಂಡತಿ ಏದುಸಿರು ಬಿಡುತ್ತಾ ಬಂದಳು. "ಹಳೇ ರಸೀದಿಲಿದ್ದ ನಂಬರಿಗೆ ಫೋನ್ ಮಾಡಿ ಮೊನ್ನೆನೇ ವಿಚಾರಿಸಿದೀನಿ. ನಿಜಾನೇ. ಬಡ್ಡಿ, ಕಂತು ಎಲ್ಲಾ ಮೊದಲಿನ ಹಾಗೇ. ಹಗ್ಗ ಹಿಡಿಯೋ ಕೈ ಬೇರೆ, ಕುತ್ತಿಗೆ ನಮ್ಮದೇ! ಆದ್ರೆ ಬ್ಯಾಂಕಿಂದ ಕಂತು ತಾನಾಗೇ ಇವರಿಗೆ ಬರಲ್ಲ, ಈ ಪತ್ರದ ಕೆಳಗಿರೋ ಚೀಟಿಗೆ ನೀವು ಸಹಿ ಹಾಕ್ಬೇಕು. ಇವತ್ತೇ ಕೊನೇ ದಿನ. ತಪ್ಪಿದ್ರೆ ದಂಡ. ಆ ಮನೆಯ ಅರ್ಧ ಗೋಡೆ ನನ್ನ ಹೊಲಿಗೆ ದುಡ್ಡು, ನೆನಪಿರಲಿ!"

ಧಿಕ್ಕಾರಪ್ಪ ಮೆಲ್ಲಗೆ ಪಿನ್ನು ಬಿಚ್ಚಿದ. ಮುಖ ಉಳಿಸಿಕೊಳ್ಳಬೇಕಲ್ಲ! "ಕೊನೆಗೂ ಪತ್ರ ಹೊರಗೆ ಬಂತು. ಹೋರಾಟಕ್ಕೆ ಜಯ!" ಎಂದು ಗೊಣಗಿ ಸಹಿಗೆ ಬಗ್ಗಿದ. ಸಹಿಯ ಜಾಗದಲ್ಲಿ, ಆಚೆ ಬದಿಯ ಮಸಿ ಇಳಿದು, ಕರ್ರಗೆ ಒಂದು ಧಿಕ್ಕಾರ!

"ಇದು ನಡೆಯಲ್ಲ ಸಾರ್," ಎಂದಳು ಹುಡುಗಿ. "ಬೇರೆ ಚೀಟಿ ಕೊಡ್ತೀನಿ. ಅದಕ್ಕೊಂದು ವಿನಂತಿ ಪತ್ರ ಬರೆದುಕೊಡಿ."

ವಿನಂತಿ! ಮೂವತ್ತು ವರ್ಷದಲ್ಲಿ 'ಒತ್ತಾಯಿಸುತ್ತೇವೆ', 'ಎಚ್ಚರಿಸುತ್ತೇವೆ' ಬಿಟ್ಟು ಬೇರೇನನ್ನೂ ಬರೆಯದ ಕೈ ಅದು. ಅದೇ ದಪ್ಪ ಪೆನ್ನಿನಲ್ಲಿ ಕೊನೆಯ ಸಾಲು ಬರೆಯಿತು: 'ತಮ್ಮ ವಿಧೇಯ'.

ಹೆಂಡತಿ ಹಾಳೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸದ್ಯ, ಹಿಂದುಗಡೆ ಖಾಲಿ ಇದೆ."