ತಗಡಿನ ಕೆಳಗಿನ ತಂಪು

ಎಲ್ಲಕ್ಕೂ ಕಾರಣ ಒಂದು ವೀಳ್ಯದೆಲೆ. ರಾವೂರಿನ ಹಾದಿಯ ಕಲ್ಲುಗಣಿ ದಫ್ತರದಲ್ಲಿ, ತೊಲೆಗೆ ತೂಗಿಬಿಟ್ಟ ಬಟ್ಟೆಯ ಪಂಖಾ ಎಳೆಯುವ ಸೂಗಪ್ಪ, ಬೇಸಿಗೆಯ ಒಂದು ಮಧ್ಯಾಹ್ನ ಎದುರಿನ ರತ್ನಾಬಾಯಿಯ ಅಂಗಡಿಯಲ್ಲಿ ಎಲೆ ತೆಗೆದುಕೊಂಡ. ಹೊರಗೆ ಕಲ್ಲು ಸಿಡಿಯುವಂಥ ಬಿಸಿಲು. ಎಲೆ ಮಾತ್ರ ಈಗಷ್ಟೇ ಬಳ್ಳಿಯಿಂದ ಇಳಿದು ಬಂದಂತೆ ತಣ್ಣಗಿತ್ತು.

“ಇದೇನ್ ಅಕ್ಕಾ, ಎಲಿ ಇಷ್ಟ್ ತಣ್ಣಗದ?”

“ಎಲಿ ಇಡೋದು ಚಹಾದ ಪೆಟಗ್ಯಾಗಪ್ಪ. ವಾಡಿ ಟೇಸನ್‌ದಾಗ ಖಾಲಿ ಆದ್ವು ಕೊಡ್ತಾರ. ಒಳಗ ಬೆಳ್ಳಿ ಹಾಳಿ ಹಚ್ಯಾರ ನೋಡು. ಬಿಸಿಲು ಅದರಾಗ ತನ್ನ ಮಾರಿ ತಾನೇ ನೋಡ್ಕೊಂಡು, ನಾಚ್ಕೊಂಡು ವಾಪಸ್ ಹೋಗ್ತದ.”

ಸೂಗಪ್ಪ ಎಲೆ ಬಾಯಿಗಿಡುವುದನ್ನು ಮರೆತು, ದಫ್ತರದ ತಗಡಿನ ಮಾಡನ್ನೇ ನೋಡುತ್ತ ನಿಂತುಬಿಟ್ಟ.

ಅವನ ಕಷ್ಟ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ವರಾಂಡದಲ್ಲಿ ಅಂಗಾತ ಮಲಗಿ, ಪಂಖದ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಜಗ್ಗುತ್ತ ಜಗ್ಗುತ್ತ ಅವನಿಗೆ ಜೋಂಪು ಹತ್ತುತ್ತಿತ್ತು. ಜೋಂಪಿನಲ್ಲಿ ಕಾಗಿಣಾ ಹೊಳೆ ಬರುತ್ತಿತ್ತು: ತುಂಬಿದ ಹೊಳೆ, ಅಲುಗದ ನೀರು, ನೀರಿನೊಳಗೆ ಬಿಳಿ ಮೋಡ. ಧೋತರ ಎತ್ತಿಕೊಂಡು ಇಳಿಯುತ್ತಿದ್ದ. ಹಿಮ್ಮಡ ನೆನೆಯುವಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಶೌಕತ ಅಲಿ ಸಾಹೇಬರ ಗುಡುಗು, “ಸೂಗಪ್ಪಾ! ಖೀಂಚೋ! ಜಗ್ಗು!” ಹನ್ನೊಂದು ವರ್ಷಗಳಲ್ಲಿ ಅವನು ಮೊಣಕಾಲಿನ ಆಳಕ್ಕೂ ಹೋಗಿರಲಿಲ್ಲ. ಒಮ್ಮೆಯಾದರೂ ಆ ಹೊಳೆಯಲ್ಲಿ ಎದೆಯುದ್ದ ಇಳಿಯಬೇಕೆಂಬುದು ಅವನ ಜೀವದ ಆಸೆ. ಸಾಹೇಬರಿಗೆ ಸೆಕೆಯೇ ಆಗದಿದ್ದರೆ ಗುಡುಗು ಎಲ್ಲಿಂದ ಬರಬೇಕು?

ಶುಕ್ರವಾರ ದಫ್ತರಕ್ಕೆ ವಾರದ ರಜೆ. ಜವಾನ ಅಂಬರಾಯನನ್ನು ಪುಸಲಾಯಿಸಿ ಬೀಗ ತೆಗೆಸಿದ. ಇಬ್ಬರೂ ಸೇರಿ, ವಾಡಿಯಿಂದ ತಂದ ಖಾಲಿ ಪೆಟ್ಟಿಗೆಗಳ ಬೆಳ್ಳಿ ಹಾಳೆಗಳನ್ನು ಈಚಲ ಚಾಪೆಗೆ ಅಂಟಿಸಿ, ಹೊಳಪು ಮೇಲೆ ಮಾಡಿ, ತಗಡಿನಿಂದ ಒಂದು ಗೇಣು ಕೆಳಗೆ ಉದ್ದಕ್ಕೂ ಕಟ್ಟಿದರು.

ಶನಿವಾರ ಹನ್ನೊಂದಾಯಿತು, ಹನ್ನೆರಡಾಯಿತು. ಸೂರ್ಯ ತಗಡಿನ ಮೇಲೆ ತನ್ನ ಕೆಲಸ ಮಾಡುತ್ತಲೇ ಇದ್ದ. ಒಳಗೆ ಮಾತ್ರ ಮುಂಜಾನೆಯ ತಂಪು ಹೋಗುವ ಮನಸ್ಸಿಲ್ಲದೆ ಉಳಿದುಕೊಂಡಿತ್ತು. ಗುಡುಗಿನ ಸುಳಿವಿಲ್ಲ. ಸೂಗಪ್ಪ ಹೊಳೆಗೆ ಇಳಿದ. ಹಿಮ್ಮಡ ಮುಳುಗಿತು, ಮೊಣಕಾಲು ಮುಳುಗಿತು, ಸೊಂಟಕ್ಕೆ ನೀರು ಬಂತು. ಮೀನೊಂದು ಹೊಟ್ಟೆ ಮುಟ್ಟಿ ಹೋಯಿತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎದೆ.

“ಮಾವಾ, ಏಳು!” ಅಂಬರಾಯ ಭುಜ ಹಿಡಿದು ಅಲುಗಿಸುತ್ತಿದ್ದ. “ಪಂಖಾ ನಿಂತು ತಾಸಾಯ್ತು. ಈಗಿನ ತನಕ ಒಬ್ರಿಗೂ ಖಬರಿರ್ಲಿಲ್ಲ!”

“ಚಲೋನೇ ಆಯ್ತಲ್ಲೋ?”

“ಏನ್ ಚಲೋ? ಮುನ್ಶಿ ಮಡಿವಾಳಯ್ಯ ಮ್ಯಾಲ ನೋಡಿದ್ರು. ಪಂಖಾ ಇಲ್ದೇ ಇಷ್ಟು ತಂಪದ, ಪಂಖಾದವ ಯಾಕ ಬೇಕ್ರಿ ಅಂದ್ರು. ಸಾಬ್ರು ಹೌದಂದ್ರು. ನಿನ್ನ ನೌಕರಿಯಿಂದ ಬರ್ತರಫ್ ಮಾಡೋ ಹುಕುಂ ಬರಿಲಿಕತ್ತಾರ!”

ಸೂಗಪ್ಪ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಿದ್ದ. ಅವನಿಗೆ ಬೇರೆ ಕೆಲಸವೂ ಬರುತ್ತಿರಲಿಲ್ಲ; ಮಲಗಿಕೊಂಡು ಮಾಡುವ ಕೆಲಸ ಆ ಸೀಮೆಯಲ್ಲಿ ಇದೊಂದೇ.

ಸುದ್ದಿ ಕೇಳಿ ರತ್ನಾಬಾಯಿ ಅಂಗಡಿ ಬಿಟ್ಟು ಓಡಿಬಂದಳು. “ಜೋರ್ಲೆ ಜಗ್ಗು! ಪಂಖಾ ಅಂದ್ರ ಏನಂತ ಗೊತ್ತಾಗ್ಲಿ ಅವರಿಗಿ!”

ಸೂಗಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಜಗ್ಗಿದ. ಒಳಗೆ ಕಾಗದಗಳು ಪಾರಿವಾಳಗಳಂತೆ ಎದ್ದವು. ಮಸಿಯ ದೌತಿ ಉರುಳಿತು. ಸಾಹೇಬರು ಏಳು ಸಲ ಸೀನಿದರು.

“ಬಂದ್ ಕರೋ! ಥಂಡಿ ಹತ್ತೇದ! ಮುನ್ಶೀಜಿ, ಆ ಹುಕುಂ ಜಲ್ದಿ ಮುಗಿಸ್ರಿ!”

ಇನ್ನು ಕಾಲು ಹಿಡಿಯುವುದೊಂದೇ ದಾರಿ. ದೇವರನ್ನೆಲ್ಲ ನೆನೆದು, ಅರ್ಧ ತಾಸು ಧೈರ್ಯ ಕೂಡಿಸಿಕೊಂಡು ಸೂಗಪ್ಪ ಒಳಗೆ ಹೋದ.

ಒಳಗೆ ಯಾರೂ ಎಚ್ಚರವಿರಲಿಲ್ಲ. ಮುನ್ಶಿಯ ಲೇಖನಿ ಹುಕುಮಿನ ಕೊನೆಯ ಸಾಲಿನಲ್ಲಿ ನಿಂತಿತ್ತು, ತುದಿಯಿಂದ ಮಸಿ ಮೆಲ್ಲಗೆ ಹರಡುತ್ತಿತ್ತು. ಸಾಹೇಬರು ಕೈಮೇಲೆ ಕೆನ್ನೆಯಿಟ್ಟು ಕೂಸಿನಂತೆ ನಗುತ್ತಿದ್ದರು. ತಂಪು ಕೋಣೆಯ ತುಂಬ ನೀರಿನಂತೆ ನಿಂತಿತ್ತು. ಕೆಲಸ ಉಳಿಸಿಕೊಳ್ಳಲು ಬಂದವನಿಗೆ ಅವರನ್ನು ನೋಡಿ ಪ್ರೀತಿ ಬಂತು. ಪಾಪ, ಇವರೂ ಯಾವುದೋ ಹೊಳೆಗೆ ಇಳಿದಿದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಕಿಟಕಿಯಾಚೆ ಶಹಾಬಾದದ ರಸ್ತೆಯಲ್ಲಿ ಧೂಳು ಎದ್ದಿತು. ಗಣಿಯ ಮಾಲಕರ ಮೋಟಾರು! ಹೈದರಾಬಾದಿನಿಂದ ಹೇಳದೆ ಕೇಳದೆ ಬರುವ ಆಸಾಮಿ. ಹಿಂದಿನ ಮ್ಯಾನೇಜರರನ್ನು ಆಕಳಿಸಿದ ತಪ್ಪಿಗೆ ಮನೆಗೆ ಕಳಿಸಿದ್ದರು.

“ಸಾಬ್! ಸಾಬ್!” ಸೂಗಪ್ಪ ಕೂಗಿದ. ಸಾಹೇಬರು ನಿದ್ದೆಯಲ್ಲೇ ಇನ್ನಷ್ಟು ನಕ್ಕರು. ಮೈ ಮುಟ್ಟಿ ಎಬ್ಬಿಸುವಷ್ಟು ಎದೆಗಾರಿಕೆ ಯಾರಿಗಿದೆ? ಹೊರಗೆ ಓಡಿ, ಹಗ್ಗ ಹಿಡಿದು, ಇದ್ದಬದ್ದ ಶಕ್ತಿಯಿಂದ ಒಂದೇ ಸಲ ಜಗ್ಗಿದ. ಪಂಖದ ಕೆಳಗಿನ ಬಟ್ಟೆಯ ಝಾಲರು ಸಾಹೇಬರ ಟೋಪಿಗೆ ಬಡಿಯಿತು, ಟೋಪಿ ಮುನ್ಶಿಯ ಮೂಗಿಗೆ ಬಡಿಯಿತು.

ಮಾಲಕರು ಒಳಗೆ ಕಾಲಿಟ್ಟಾಗ ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. “ಇಷ್ಟು ತಂಪಿನ್ಯಾಗೂ ಒಬ್ಬರೂ ತೂಕಡಿಸಿಲ್ಲ! ಶಾಬಾಸ್!” ಎಂದು ಹೊಗಳಿ ಹೋದರು.

ಸಾಹೇಬರು ಸೂಗಪ್ಪನನ್ನು ಕರೆದು, ಅವನ ಕಣ್ಣೆದುರೇ ಹುಕುಂ ಹರಿದು ಹಾಕಿದರು. “ನೀ ಇಲ್ಲಂದ್ರ ಇವತ್ತು ನನ್ನ ಕತಿ ಮುಗೀತಿತ್ತು. ನಿನ್ನ ನೌಕರಿ ಪಕ್ಕಾ, ಸೂಗಪ್ಪ.”

ಸೂಗಪ್ಪನಿಗೆ ಕಣ್ಣೀರೇ ಬಂತು. ನೌಕರಿಯೂ ಉಳಿಯಿತು, ತಂಪೂ ಉಳಿಯಿತು. ಹೋಗಿ ಮಲಗಿ ಆ ಒಂದು ಹೆಜ್ಜೆ ಇಟ್ಟುಬಿಡಬೇಕು ಎಂದು ವರಾಂಡದ ಕಡೆ ತಿರುಗಿದ.

“ಅಲ್ಲಿ ಯಾಕ?” ಎಂದರು ಸಾಹೇಬರು. ಪಂಖದಿಂದ ಹಗ್ಗ ಬಿಚ್ಚಿಸಿ, ಒಂದು ತುದಿಯನ್ನು ತಮ್ಮ ಕಾಲ್ಬೆರಳಿಗೆ ಕಟ್ಟಿಕೊಂಡು, ಇನ್ನೊಂದನ್ನು ಅವನ ಕೈಗೆ ಕೊಟ್ಟರು. “ನೀ ಗೇಟಿನ ಕಲ್ಲಿನ ಮ್ಯಾಲ ಕುಂದ್ರು. ಅಲ್ಲಿಂದ ರಸ್ತಾ ಪೂರಾ ಕಾಣ್ತದ. ಧೂಳ ಎದ್ದ ಕೂಡ್ಲೆ ಜಗ್ಗು. ಖಬರ್ದಾರ್, ಕಣ್ಣು ಮುಚ್ಚಬ್ಯಾಡ!”

ಗೇಟಿನ ಕಲ್ಲು ಕಾದ ಹಂಚಾಗಿತ್ತು. ಸೂಗಪ್ಪ ಕುಂಡೆ ಎತ್ತಿ ಇಟ್ಟು ಮಾಡುತ್ತ ರಸ್ತೆ ನೋಡುತ್ತಿದ್ದಾಗ ಅಂಬರಾಯ ಆಕಳಿಸುತ್ತ ಬಂದು ಇನ್ನೆರಡು ಹಗ್ಗದ ತುದಿಗಳನ್ನು ಅವನ ಕೈಗೆ ಕೊಟ್ಟ.

“ಒಳಗ ಭಾಳ ತಂಪದ ಮಾವಾ, ನಿನ್ನ ಪುಣ್ಯ. ಇದು ಮುನ್ಶಿಯವರ ಬೆರಳಿಂದು. ಇದು ನಂದು. ಹಗೂರ ಜಗ್ಗು, ನನಗ ಉಗುರು ಸುತ್ತು ಆಗ್ಯಾದ.”

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಒಂದೊಂದಾಗಿ ಕೇಳಿಸತೊಡಗಿತು. ಸೂಗಪ್ಪ ಮೂರೂ ಹಗ್ಗ ಹಿಡಿದು, ಕಣ್ಣು ಅಗಲಿಸಿಕೊಂಡು ಬಿಸಿಲಿನಲ್ಲಿ ಕುಳಿತಿದ್ದ. ಅವನ ಹೊಳೆಯಲ್ಲಿ ಈಗ ಬೇರೆ ಮೂವರು ಈಜುತ್ತಿದ್ದರು.